ಮೇಜಿನಿಂದ ಬೀಳದ ಕಾರು

ಕೀ ಕೊಟ್ಟು ಓಡಿಸುವ ತಗಡಿನ ಕಾರೊಂದನ್ನು ಊಟದ ಮೇಜಿನ ಮೇಲೆ ಬಿಟ್ಟರೆ ಏನಾಗುತ್ತೆ? ನೇರ ಹೋಗಿ ಅಂಚಿನಿಂದ ಧೊಪ್ಪನೆ ಕೆಳಗೆ ಬೀಳುತ್ತೆ. ಚಿಕ್ಕವರಿದ್ದಾಗ ಹೀಗೆ ನಾವೆಲ್ಲ ಎಷ್ಟು ಕಾರು ಕೆಡವಿಲ್ಲ! ಆದರೆ 1930ರ ದಶಕದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಊರಿನಲ್ಲಿ ತಯಾರಾದ ಒಂದು ಕಾರು ಬೀಳುತ್ತಿರಲಿಲ್ಲ. ಅಂಚಿನವರೆಗೂ ಬರುತ್ತಿತ್ತು, ಮೂತಿ ಆಚೆಗೆ ಚಾಚುತ್ತಿತ್ತು, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಸರ್ರನೆ ಪಕ್ಕಕ್ಕೆ ತಿರುಗಿ ಮತ್ತೆ ಮೇಜಿನ ಒಳಗಡೆ ಓಡುತ್ತಿತ್ತು. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ, ಚಿಪ್ ಅಂತೂ ಕೇಳಲೇಬೇಡಿ. ಇದ್ದದ್ದು ಒಂದು ಸ್ಪ್ರಿಂಗು, ನಾಲ್ಕಾರು ಹಲ್ಲಿನ ಚಕ್ರ, ಅಷ್ಟೇ.

ಈ ಕಾರನ್ನು ನಾನು ಮೊದಲು ನೋಡಿದ್ದು ಆಫೀಸ್ ಕೆಲಸದ ಮೇಲೆ ಎರಡು ತಿಂಗಳು ಆ ಊರಿನಲ್ಲಿದ್ದಾಗ. ಅಲ್ಲಿನ ಸಹೋದ್ಯೋಗಿಯೊಬ್ಬರು, ಇನ್ನೇನು ರಿಟೈರ್ ಆಗುವ ವಯಸ್ಸಿನವರು, ತಮ್ಮ ತಂದೆಯ ಕಾಲದ ಆಟಿಕೆ ಅಂತ ತಂದು ಕ್ಯಾಂಟೀನ್ ಮೇಜಿನ ಮೇಲೆ ಬಿಟ್ಟರು. ಅದು ಬೀಳುತ್ತೆ ಅಂತ ನಾವು ನಾಲ್ಕು ಜನ ಕೈ ಚಾಚಿ ಕೂತೆವು. ಬೀಳಲಿಲ್ಲ. ಮೂರು ಸಲ ಬಿಟ್ಟರೂ ಬೀಳಲಿಲ್ಲ. ಆಮೇಲೆ ಅವರು ಅದನ್ನು ಮಗುಚಿ ತೋರಿಸಿದರು.

ಹೊಟ್ಟೆಯ ಕೆಳಗೆ, ಮುಂಭಾಗದಲ್ಲಿ, ಅಡ್ಡಡ್ಡ ತಿರುಗುವ ಇನ್ನೊಂದು ಚಕ್ರ ಇದೆ. ಕಾರು ಓಡುವಾಗ ಅದೂ ತಿರುಗುತ್ತಲೇ ಇರುತ್ತೆ, ಆದರೆ ಮೇಜಿಗೆ ತಾಗುವುದಿಲ್ಲ. ಮುಂಭಾಗದ ಆಧಾರ ಅಂಚು ದಾಟಿದಾಗ ಮೂತಿ ಒಂಚೂರು ಕುಸಿಯುತ್ತೆ. ಆ ಒಂಚೂರು ಕುಸಿತ ಸಾಕು, ಅಡ್ಡ ಚಕ್ರ ಮೇಜಿಗೆ ತಾಗಿ ಕಾರನ್ನು ಪಕ್ಕಕ್ಕೆ ಎಳೆಯುತ್ತೆ. ಕಾರು ತಿರುಗಿ ಪೂರ್ತಿ ಮೇಜಿನ ಮೇಲೆ ಬಂದಮೇಲೆ ಮೂತಿ ಮತ್ತೆ ಮೇಲೇಳುತ್ತೆ, ಅಡ್ಡ ಚಕ್ರಕ್ಕೆ ಕೆಲಸ ಇಲ್ಲ. ನಾವು ಕೋಡ್‌ನಲ್ಲಿ ಬರೆಯುವ ‘ಹೀಗಾದರೆ ಹಾಗೆ ಮಾಡು’ ಅನ್ನೋ ಸಾಲನ್ನು ಯಾರೋ ತಗಡಿನಲ್ಲಿ ಬರೆದಿಟ್ಟಿದ್ದರು. ದಿನವಿಡೀ ಅದನ್ನೇ ಬರೆದು ಹೊಟ್ಟೆ ಹೊರೆಯುವ ನನಗೆ ಇದು ಯಾರ ತಲೆಗೆ ಹೊಳೆಯಿತು ಅಂತ ತಿಳಿಯದೆ ನಿದ್ದೆ ಬರಲಿಲ್ಲ.

ಕಾರಿನ ಹೆಸರು ಶೂಕೊ. ಕಂಪನಿ ಶುರುವಾಗಿದ್ದು 1912ರಲ್ಲಿ. ಹೈನ್ರಿಶ್ ಮ್ಯೂಲರ್ ಅನ್ನುವ ಯುವಕ, ಆಗ ಪ್ರಪಂಚದ ಅತಿ ದೊಡ್ಡ ಆಟಿಕೆ ಕಂಪನಿಗಳಲ್ಲಿ ಒಂದಾಗಿದ್ದ, ಅದೇ ಊರಿನ ‘ಬಿಂಗ್’ನಲ್ಲಿ ಪಳಗಿದವನು. ಹೈನ್ರಿಶ್ ಶ್ರೈಯರ್ ಅನ್ನುವವನ ಜೊತೆ ಸೇರಿ ಸ್ವಂತ ಅಂಗಡಿ ತೆರೆದ. ‘ಶ್ರೈಯರ್ ಉಂಡ್ ಕೋ’, ಅಂದರೆ ಶ್ರೈಯರ್ ಮತ್ತು ಕಂಪನಿ. ಅದನ್ನೇ ಚಿಕ್ಕದು ಮಾಡಿ ‘ಶೂಕೊ’.

ತಮಾಷೆ ನೋಡಿ, ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಶ್ರೈಯರ್ ಕಂಪನಿ ಬಿಟ್ಟು ಹೋದ. ಅವನ ಜಾಗಕ್ಕೆ ಅಡಾಲ್ಫ್ ಕಾನ್ ಅನ್ನುವ ವ್ಯಾಪಾರಿ ಪಾಲುದಾರನಾಗಿ ಬಂದ. ಮ್ಯೂಲರ್ ತಲೆ ಓಡಿಸುವುದು, ಕಾನ್ ವ್ಯವಹಾರ ನೋಡಿಕೊಳ್ಳುವುದು. ಕಂಪನಿಯನ್ನು ದೊಡ್ಡದು ಮಾಡಿದ ಈ ಇಬ್ಬರ ಹೆಸರೂ ಬೋರ್ಡ್ ಮೇಲೆ ಬರಲೇ ಇಲ್ಲ. ಬಿಟ್ಟು ಹೋದವನ ಹೆಸರೇ ಇವತ್ತಿಗೂ ಪೆಟ್ಟಿಗೆ ಮೇಲಿದೆ.

ಶುರುವಿನಲ್ಲಿ ಅವರು ಮಾಡಿದ್ದು ಕಾರಲ್ಲ, ಪ್ರಾಣಿಗಳು. ಬಾಲ ಹಿಡಿದು ಆಡಿಸಿದರೆ ‘ಹೂಂ’ ಅಂತಲೋ ‘ಊಹೂಂ’ ಅಂತಲೋ ತಲೆ ಅಲ್ಲಾಡಿಸುವ ಕರಡಿ. ಕೀ ಕೊಟ್ಟರೆ ಕಾಳು ಹೆಕ್ಕುವ ಹಾಗೆ ಕುಕ್ಕುತ್ತಾ ಹೋಗುವ ‘ಪಿಕ್ ಪಿಕ್’ ಹಕ್ಕಿ. ಆ ಹಕ್ಕಿ ದಶಕಗಟ್ಟಲೆ ಮಾರಾಟವಾಯಿತು. ಎಲ್ಲದರಲ್ಲೂ ಮ್ಯೂಲರ್‌ನ ಒಂದೇ ಹಟ ಕಾಣುತ್ತೆ: ಆಟಿಕೆ ಅಂದಮೇಲೆ ಅದು ಏನಾದರೂ ಒಂದು ಮಾಡಬೇಕು, ಸುಮ್ಮನೆ ಕೂರಬಾರದು.

1930ರ ದಶಕದ ಮಧ್ಯದಲ್ಲಿ ಈ ಹಟ ಕಾರುಗಳ ಕಡೆ ತಿರುಗಿತು. ಅಂಚಿನಲ್ಲಿ ತಿರುಗುವ ಕಾರು ಬಂದದ್ದು ಆಗಲೇ. ಅದರ ಬೆನ್ನಿಗೇ 1936ರಲ್ಲಿ ‘ಎಕ್ಸಾಮಿಕೊ’. ನೋಡೋಕೆ ಆ ಕಾಲದ ಬಿಎಂಡಬ್ಲ್ಯೂ 328 ಥರ. ಅಂಗೈಗಿಂತ ಸ್ವಲ್ಪ ಉದ್ದದ ಆಟದ ಕಾರು, ಆದರೆ ಅದಕ್ಕೆ ನಾಲ್ಕು ಗೇರು, ಒಂದು ರಿವರ್ಸು, ನ್ಯೂಟ್ರಲ್ಲು, ಕ್ಲಚ್ಚು, ಹ್ಯಾಂಡ್‌ಬ್ರೇಕು! ಗೇರ್ ಬದಲಿಸಿದರೆ ವೇಗ ನಿಜಕ್ಕೂ ಬದಲಾಗುತ್ತೆ. ಅದೇ ಸುಮಾರಿಗೆ ‘ಸ್ಟುಡಿಯೊ 1050’ ಅನ್ನುವ ಮರ್ಸಿಡಿಸ್ ರೇಸ್ ಕಾರು ಬಂತು. ಪೆಟ್ಟಿಗೆಯೊಳಗೆ ಕಾರಿನ ಜೊತೆ ಪುಟಾಣಿ ಜ್ಯಾಕು, ಪುಟಾಣಿ ಹತಾರಗಳು. ಮಕ್ಕಳು ಚಕ್ರ ಬಿಚ್ಚಿ ಮತ್ತೆ ಜೋಡಿಸಬಹುದು. ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ‘ಕಮಾಂಡೊ ಅನ್ನೊ 2000’ ಅಂತ. ಕಾರಿನ ಚಾವಣಿಯೊಳಗೆ ತೆಳ್ಳನೆಯ ಒಂದು ಪರದೆ. ಅದರ ಹತ್ತಿರ ಬಾಯಿಟ್ಟು ‘ಹೋಗು’ ಅಂತ ಕೂಗಿದರೆ, ಇಲ್ಲವೇ ಉಫ್ ಅಂತ ಊದಿದರೆ, ಕಾರು ಹೊರಡುತ್ತೆ. ಮತ್ತೆ ಕೂಗಿದರೆ ನಿಲ್ಲುತ್ತೆ. ಅಸಲಿಗೆ ಅದಕ್ಕೆ ಮಾತು ಅರ್ಥ ಆಗಲ್ಲ, ಉಸಿರಿನ ತಳ್ಳುವಿಕೆ ಸಾಕು. 2000ನೇ ಇಸವಿಗೆ ಕಾರು ಮಾತು ಕೇಳುತ್ತೆ ಅಂತ ಆ ಜನ ಎರಡನೇ ಮಹಾಯುದ್ಧಕ್ಕೂ ಮುಂಚೆಯೇ ಅಂದುಕೊಂಡಿದ್ದರು. ನಮ್ಮ ಫೋನು ನಮ್ಮ ಮಾತು ಕೇಳೋಕೆ ಶುರು ಮಾಡಿದ್ದು ಅದಕ್ಕೂ ಹತ್ತು ವರ್ಷ ತಡವಾಗಿ.

ಇಷ್ಟು ಓದುವಾಗ ಖುಷಿಯಾಗಿತ್ತು. ಆಮೇಲೆ ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ, ಖುಷಿ ಇಳಿಯಿತು. 1935ರಲ್ಲಿ ನಾಜಿಗಳು ಯಹೂದಿಗಳ ಪೌರತ್ವ ಕಿತ್ತುಕೊಳ್ಳುವ ಕಾನೂನು ತಂದದ್ದು ಇದೇ ಊರಿನಲ್ಲಿ. ಅವಕ್ಕೆ ‘ನ್ಯೂರೆಂಬರ್ಗ್ ಕಾನೂನುಗಳು’ ಅಂತಲೇ ಹೆಸರು. ಅಡಾಲ್ಫ್ ಕಾನ್ ಯಹೂದಿ. ಕಂಪನಿಯ ಅತ್ಯುತ್ತಮ ಕಾರುಗಳು ಅಂಗಡಿಗೆ ಬರುತ್ತಿದ್ದ ವರ್ಷಗಳಲ್ಲೇ, ಅವುಗಳನ್ನು ಮಾರಲು ಹಗಲುರಾತ್ರಿ ದುಡಿದವನು ತನ್ನದೇ ಕಂಪನಿಯಿಂದ ಹೊರಗೆ ಹೋಗಬೇಕಾಯಿತು. ದಶಕದ ಕೊನೆಗೆ ದೇಶವನ್ನೇ ಬಿಟ್ಟು, ಕಡೆಗೆ ಅಮೆರಿಕ ಸೇರಿದ.

ಹೋದವನು ಅವನೊಬ್ಬನೇ ಅಲ್ಲ. ಅದೇ ಊರಿನ ‘ಟಿಪ್ ಅಂಡ್ ಕೋ’ ಅನ್ನುವ ತಗಡು ಆಟಿಕೆ ಕಂಪನಿಯ ಫಿಲಿಪ್ ಉಲ್ಮನ್ 1933ರಲ್ಲೇ ಇಂಗ್ಲೆಂಡಿಗೆ ಹೋಗಿ ಅಲ್ಲಿ ‘ಮೆಟಾಯ್’ ಅಂತ ಹೊಸ ಕಂಪನಿ ಕಟ್ಟಿದ. ಆ ಮೆಟಾಯ್ 1956ರಲ್ಲಿ ಹೊರತಂದದ್ದೇ ‘ಕಾರ್ಗಿ’ ಕಾರುಗಳು. ಜೇಮ್ಸ್ ಬಾಂಡ್‌ನ ಆಸ್ಟನ್ ಮಾರ್ಟಿನ್ ಪುಟ್ಟ ಕಾರು, ಸೀಟಿನಿಂದ ವಿಲನ್ ಮೇಲಕ್ಕೆ ಹಾರುತ್ತಾನಲ್ಲ, ಅದು ಕಾರ್ಗಿಯದ್ದು. ಅಂದರೆ ನ್ಯೂರೆಂಬರ್ಗ್ ತನ್ನ ಕಸುಬುದಾರರನ್ನು ತಾನೇ ಹೊರದಬ್ಬಿತು. ಅವರ ಕೈಯ ಕಸುಬು ಮಾತ್ರ ಎಲ್ಲಿಗೆ ಹೋದರೋ ಅಲ್ಲಿಗೆ ಜೊತೆಯಲ್ಲೇ ಹೋಯಿತು. ಯುದ್ಧದ ನಂತರ ಜರ್ಮನ್ ಆಟಿಕೆಗಳಿಗೆ ಎದುರಾಗಿ ನಿಂತವರಲ್ಲಿ ಅವರೂ ಇದ್ದರು.

ಯುದ್ಧ ಬಂದಾಗ ಆಟಿಕೆಗೆ ತಗಡು ಎಲ್ಲಿಂದ ಸಿಗಬೇಕು? 1945ರ ಜನವರಿ 2ರ ರಾತ್ರಿ ಬಾಂಬಿನ ಮಳೆಗೆ ಹಳೇ ನ್ಯೂರೆಂಬರ್ಗ್ ನೆಲಕಚ್ಚಿತು. ಶರಣಾದ ಮೇಲೆ ಊರು ಅಮೆರಿಕನ್ನರ ಆಡಳಿತಕ್ಕೆ ಸೇರಿತು. ಶೂಕೊ ಮತ್ತೆ ಕಾರು ಮಾಡೋಕೆ ಶುರು ಮಾಡಿದಾಗ ಅವುಗಳ ಹೊಟ್ಟೆ ಮೇಲೆ ‘ಅಮೆರಿಕನ್ ವಲಯದ ಜರ್ಮನಿಯಲ್ಲಿ ತಯಾರಾದದ್ದು’ ಅನ್ನುವ ಅರ್ಥದ ಮುದ್ರೆ ಇರುತ್ತಿತ್ತು. ಈಗ ಹಳೇ ಆಟಿಕೆ ಕೂಡಿಡುವವರು ಮೊದಲು ಹುಡುಕುವುದೇ ಆ ಸಾಲನ್ನು, ವರ್ಷ ಗುರುತಿಸಲು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಇದರ ನಂತರದ್ದು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಶೂಕೊ ಆಟಿಕೆ ಮಾರುವ ಕೆಲಸ ಬಂದದ್ದು ಕಾನ್ ಮನೆತನದ ಕೈಗೇ, ಅಡಾಲ್ಫ್‌ನ ಮಗ ಎರಿಕ್ ಕಾನ್‌ಗೆ. ಮುರಿದದ್ದೆಲ್ಲ ಇದರಿಂದ ಸರಿಹೋಯ್ತು ಅಂತ ನಾನು ಹೇಳಲ್ಲ. ಮನೆ, ಊರು, ಪಾಲು ಎಲ್ಲ ಕಳೆದುಕೊಂಡ ಲೆಕ್ಕಕ್ಕೆ ಒಂದು ಏಜೆನ್ಸಿ ಸಮ ಆಗೋದೂ ಇಲ್ಲ. ಆದರೂ ತಮ್ಮನ್ನು ಹೊರದಬ್ಬಿದ ಊರಿನಲ್ಲಿ ತಯಾರಾದ ಕಾರನ್ನು ಅವರು ಮತ್ತೆ ಕೈಗೆತ್ತಿಕೊಂಡರು. ಬಹುಶಃ ಆ ಕಾರು ಊರಿನದ್ದು ಅನ್ನುವುದಕ್ಕಿಂತ ತಮ್ಮದು ಅಂತ ಅನ್ನಿಸಿರಬೇಕು.

1950ರ ದಶಕ ಶೂಕೊಗೆ ಸುಗ್ಗಿ. ವೈರಿನ ಜಾಡು ಹಿಡಿದು ಓಡುವ ‘ವೇರಿಯಾಂಟೊ’ ಕಾರುಗಳು ಬಂದವು. ದಶಕದ ಕೊನೆಗೆ ‘ಪಿಕೊಲೊ’ ಬಂತು. ಬೆರಳುದ್ದದ, ಗಟ್ಟಿ ಎರಕದ ಪುಟ್ಟ ಕಾರು. 1958ರಲ್ಲಿ ಮ್ಯೂಲರ್ ತೀರಿಕೊಂಡ.

ಅಲ್ಲಿಂದ ಮುಂದಕ್ಕೆ ಕಾಲ ಬದಲಾಯಿತು. ಇಂಗ್ಲೆಂಡಿನ ‘ಮ್ಯಾಚ್‌ಬಾಕ್ಸ್’ ಕಾರುಗಳು ಮಕ್ಕಳ ಪಾಕೆಟ್ ಮನಿಗೆ ಸಿಗುತ್ತಿದ್ದವು. 1968ರಲ್ಲಿ ಅಮೆರಿಕದಿಂದ ‘ಹಾಟ್ ವೀಲ್ಸ್’ ಬಂತು. ಅದಕ್ಕೆ ಕೀ ಬೇಡ, ಗೇರು ಬೇಡ, ಇಳಿಜಾರಿನಲ್ಲಿ ಬಿಟ್ಟರೆ ಬಾಣದ ಹಾಗೆ ಹೋಗುತ್ತೆ. ಜಪಾನಿನ ಅಗ್ಗದ ಆಟಿಕೆ ಒಂದು ಕಡೆ, ಪ್ಲಾಸ್ಟಿಕ್ಕು ಇನ್ನೊಂದು ಕಡೆ. ಗಡಿಯಾರದಷ್ಟು ನಾಜೂಕಾಗಿ ಕೈಯಲ್ಲಿ ಜೋಡಿಸಿದ ಕಾರಿಗೆ ಅಷ್ಟು ದುಡ್ಡು ಕೊಡುವವರು ಕಡಿಮೆಯಾದರು. 1976ರಲ್ಲಿ ಶೂಕೊ ದಿವಾಳಿಯಾಯಿತು. ಅಂಚು ಬಂದಾಗ ತಿರುಗುವ ಕಾರು ಮಾಡಿದ ಕಂಪನಿಗೆ ತನ್ನ ಅಂಚು ಕಾಣಲಿಲ್ಲ ಅಂತ ವ್ಯಂಗ್ಯ ಮಾಡೋದು ಸುಲಭ. ಆದರೆ ನಿಜ ಹೇಳಬೇಕೆಂದರೆ ಮ್ಯಾಚ್‌ಬಾಕ್ಸ್ ಮಾಡುತ್ತಿದ್ದ ಲೆಸ್ನಿ ಕಂಪನಿಯೂ 1982ರಲ್ಲಿ ಮುಳುಗಿತು, ಮರುವರ್ಷ ಮೆಟಾಯ್ ಕೂಡ. ಗೆದ್ದವರು, ಸೋತವರು ಇಬ್ಬರೂ ಹೆಚ್ಚುಕಮ್ಮಿ ಒಂದೇ ದಡ ಸೇರಿದರು.

ಶೂಕೊ ಹೆಸರನ್ನು ಮೊದಲು ಡನ್ಬಿ-ಕೊಂಬೆಕ್ಸ್-ಮಾರ್ಕ್ಸ್ ಅನ್ನುವ ಬ್ರಿಟಿಷ್ ಕಂಪನಿ ಕೊಂಡಿತು. 1980ರಲ್ಲಿ ಅದೂ ಮುಳುಗಿತು. ಆಮೇಲೆ ಪಕ್ಕದೂರು ಫ್ಯೂರ್ತ್‌ನ ‘ಗಾಮಾ’, 1999ರಲ್ಲಿ ಅದೇ ಫ್ಯೂರ್ತ್‌ನ ‘ಸಿಂಬಾ ಡಿಕ್ಕಿ’ ಸಮೂಹ. ಎಷ್ಟೋ ಕೈ ಬದಲಾಗಿ ಹೆಸರು ಹೆಚ್ಚುಕಮ್ಮಿ ಹುಟ್ಟಿದೂರಿನ ಪಕ್ಕಕ್ಕೇ ಬಂದು ನಿಂತಿದೆ. ಹಳೇ ಸ್ಟುಡಿಯೊ ರೇಸ್ ಕಾರನ್ನು ಈಗಲೂ ಕೀ, ಹತಾರದ ಸಮೇತ ಮಾಡಿ ಮಾರುತ್ತಾರೆ. ಕೊಳ್ಳುವವರು ಬಹುಪಾಲು ಮಕ್ಕಳಲ್ಲ, ತಲೆ ನರೆತವರು.

ಇದೆಲ್ಲ ನನಗ್ಯಾಕೆ ಇಷ್ಟು ತಟ್ಟಿತು ಅಂತ ಯೋಚಿಸಿದೆ. ನಾನು ಕೆಲಸ ಮಾಡುವ ಪ್ರಾಡಕ್ಟು ನಾನು ಸೇರಿದ ಮೇಲೆ ಎರಡು ಸಲ ಕೈ ಬದಲಾಗಿದೆ. ಪ್ರತಿ ಸಲವೂ ಲೋಗೋ ಬದಲಾಗುತ್ತೆ, ಐಡಿ ಕಾರ್ಡ್ ದಾರದ ಬಣ್ಣ ಬದಲಾಗುತ್ತೆ, ಟೌನ್‌ಹಾಲ್ ಮೀಟಿಂಗ್‌ನಲ್ಲಿ ಹೊಸ ಮುಖ ಬಂದು ‘ನಾವೆಲ್ಲ ಒಂದೇ ಕುಟುಂಬ’ ಅನ್ನುತ್ತೆ, ಮುಂದಿನ ತಿಂಗಳು ಆ ಕುಟುಂಬದಿಂದ ಹತ್ತು ಜನ ಕಾಣೆಯಾಗಿರುತ್ತಾರೆ. ಎರಡನೇ ಸಲ ಹೋದವರಲ್ಲಿ ನನಗೆ ಕೆಲಸ ಕಲಿಸಿದ ಸೀನಿಯರ್ ಒಬ್ಬರಿದ್ದರು. ಅವರು ಬರೆದಿಟ್ಟ ಒಂದು ಪುಟ್ಟ ಫಂಕ್ಷನ್ ಇವತ್ತಿಗೂ ಓಡ್ತಾ ಇದೆ. ನೆಟ್‌ವರ್ಕ್ ಕೈಕೊಟ್ಟಾಗ ಗ್ರಾಹಕರ ಹಣ ಎರಡು ಸಲ ಕಡಿತ ಆಗದ ಹಾಗೆ ತಡೆಯೋದು ಅದೇ. ಎಷ್ಟೋ ಜನ ಅದರಿಂದ ಪಾರಾಗಿದ್ದಾರೆ, ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಮೊದಲೆಲ್ಲ ಇದನ್ನು ನೆನೆದರೆ ಬೇಜಾರಾಗುತ್ತಿತ್ತು. ಯಾರದೋ ಹೆಸರಿನ ಪೆಟ್ಟಿಗೆಯೊಳಗೆ ನಮ್ಮ ಕೆಲಸ ಕೂತು ಮಾರಾಟ ಆಗುತ್ತಲ್ಲ ಅಂತ. ಈಗ ಸ್ವಲ್ಪ ಬೇರೆ ಥರ ಅನ್ಸುತ್ತೆ. ಕಂಪನಿಗೆ ನಮ್ಮ ನೆನಪು ಇರಲಿ ಅಂತ ಕಾಯೋದು ದಂಡ. ಅದು ಮ್ಯೂಲರ್‌ಗೇ ಸಿಗಲಿಲ್ಲ, ಕಾನ್‌ಗಂತೂ ಇನ್ನೂ ಕೆಟ್ಟದ್ದೇ ಸಿಕ್ಕಿತು. ಆದರೆ ಆ ಅಡ್ಡ ಚಕ್ರವನ್ನು ಯಾರೂ ದಿವಾಳಿ ಮಾಡೋಕಾಗಲಿಲ್ಲ. ಕಂಪನಿ ಮುಳುಗಿದರೂ, ಮಾಡಿದವರು ಹೋದರೂ, ಇಷ್ಟು ವರ್ಷ ಆದಮೇಲೆ ಕ್ಯಾಂಟೀನ್ ಮೇಜಿನ ಮೇಲೆ ಅದು ತನ್ನ ಕೆಲಸ ಸರಿಯಾಗಿ ಮಾಡಿತು.

ನಿಮ್ಮ ಮನೆ ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನೊಳಗೆ, ಇಂಥ ಕೀ ಕೊಡುವ ಆಟಿಕೆ ಯಾವುದಾದರೂ ಸಿಕ್ಕರೆ ಗುಜರಿಗೆ ಹಾಕಬೇಡಿ. ಯಾವ ಕಂಪನಿಯದ್ದೇ ಇರಲಿ, ಒಂದ್ಸಲ ಮಗುಚಿ ಹೊಟ್ಟೆ ಕೆಳಗೆ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಗೂ ಒಂದು ಸ್ಕ್ರೂಡ್ರೈವರ್ ಕೊಡಿ.