ಮಲ್ಲಿಗೆ ದುಡ್ಡಿನ ಕಂಪ್ಯೂಟರ್

ನಮ್ಮ ಮನೆಗೆ ಬಂದ ಮೊದಲ ಲ್ಯಾಪ್‌ಟಾಪ್ ಈಗ ಅಟ್ಟದ ಮೇಲೆ, ಬಾಳೆನಾರಿನ ಕಟ್ಟುಗಳ ಪಕ್ಕದಲ್ಲಿದೆ. ಹಾಳಾಗಿಲ್ಲ. ಸ್ವಿಚ್ ಒತ್ತಿದರೆ ಈಗಲೂ ಬೆಳಗುತ್ತದೆ. ಕೆಲಸ ಮಾಡುವುದಿಲ್ಲ, ಅಷ್ಟೆ.

ನಮ್ಮದು ಕಾಪು ಕಡೆಯ ಮನೆ. ಹಿತ್ತಲಲ್ಲಿ ಅಮ್ಮನ ಮಲ್ಲಿಗೆ ಗಿಡಗಳು. ಬೆಳಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಶಂಕರಪುರದ ಕಟ್ಟೆಗೆ ಕಳಿಸುವುದು. ಅಟ್ಟೆಯ ದರ ಮದುವೆ ಸೀಸನ್ನಿನಲ್ಲಿ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು, ಆಟಿಯಲ್ಲಿ ಕೇಳುವವರಿಲ್ಲದ್ದೂ ಉಂಟು. ನಾವು ಗಂಡಹೆಂಡತಿಯಲ್ಲಿ ಒಬ್ಬರು ಅಮ್ಮನ ಜೊತೆ ಹೂ ಕಟ್ಟುವವರು, ಇನ್ನೊಬ್ಬರು ಪತ್ರಿಕೆಗೆ ಸುದ್ದಿ ಕಳಿಸುವವರು. ಸುದ್ದಿಯ ದುಡ್ಡಿಗಿಂತ ಹೂವಿನ ದುಡ್ಡೇ ಮನೆಗೆ ಹೆಚ್ಚು ಆಧಾರ ಎಂದು ಹೇಳಲು ನಮಗೆ ನಾಚಿಕೆ ಇಲ್ಲ. ಸ್ಟ್ರಿಂಗರ್‌ಗಳಿಗೆ ಎಷ್ಟು ಸಿಗುತ್ತದೆ ಎಂದು ಇಲ್ಲಿ ಓದುವವರಿಗೆ ಗೊತ್ತೇ ಇದೆ.

ಮೂರು ವರ್ಷದ ಹಿಂದೆ ಆ ದುಡ್ಡಿನಲ್ಲಿ 16,990 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಹೊಸ ಲ್ಯಾಪ್‌ಟಾಪ್ ತರಿಸಿದೆವು. ತೆಳ್ಳಗೆ, ಚಂದಕ್ಕೆ ಇತ್ತು. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಎಂದು ಡಬ್ಬದ ಮೇಲೆ ಬರೆದಿತ್ತು. ನಮ್ಮ ಮೊಬೈಲಿನಲ್ಲೂ ಅಷ್ಟೇ ಇತ್ತು, ಮೊಬೈಲ್ ಓಡುತ್ತದಲ್ಲ, ಇದೂ ಓಡುತ್ತದೆ ಎಂದುಕೊಂಡೆವು. ಅಲ್ಲೇ ತಪ್ಪಿದ್ದು.

ಮೊದಲ ಆರು ತಿಂಗಳು ಸುಮಾರಾಗಿ ನಡೆಯಿತು. ಆಮೇಲೆ ಒಂದು ಪುಟ ತೆರೆಯಲಿಕ್ಕೆ ಹೇಳಿ, ಹೋಗಿ ಚಾ ಮಾಡಿಕೊಂಡು ಬರುವಷ್ಟು ಹೊತ್ತು. ಅಪ್‌ಡೇಟ್ ಬಂತು ಎನ್ನುತ್ತಿತ್ತು, ಜಾಗ ಇಲ್ಲ ಎನ್ನುತ್ತಿತ್ತು. ಫೋಟೊ ಅಳಿಸಿದೆವು, ಹಳೆಯ ಸುದ್ದಿಗಳನ್ನು ಅಳಿಸಿದೆವು, ಆದರೂ ಜಾಗ ಇಲ್ಲ.

ಪಕ್ಕದ ಮನೆಯ ಹುಡುಗಿ ಆಗ ಪಿಯುಸಿ. ಅವಳ ಅಮ್ಮ ಬೀಡಿ ಕಟ್ಟುವವರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿಕ್ಕಿತ್ತು. ಪೇಟೆಯ ಸೈಬರ್‌ಗೆ ಹೊರಟವಳನ್ನು ನಾವೇ ನಿಲ್ಲಿಸಿದ್ದು. "ಅಲ್ಲಿ ಯಾಕೆ ಐವತ್ತು ರೂಪಾಯಿ ಕೊಡುದು? ನಮ್ಮಲ್ಲಿ ಕಂಪ್ಯೂಟರ್ ಉಂಟಲ್ಲ, ಬಾ." ಕೊನೆಯ ದಿನ ಸಂಜೆ ಏಳಕ್ಕೆ ಕೂತೆವು. ಅರ್ಧ ತುಂಬಿಸುವಾಗ ಯಂತ್ರ ನಿಂತಿತು. ಆಫ್ ಮಾಡಿ ಆನ್ ಮಾಡಿದರೆ ಅಪ್‌ಡೇಟಿನ ಚಕ್ರ ತಿರುಗಲು ಶುರು. ಒಂಬತ್ತೂವರೆಯವರೆಗೆ ತಿರುಗಿತು. ಆಮೇಲೆ ಮೊಬೈಲಿನಲ್ಲಿ ಪ್ರಯತ್ನಿಸಿದೆವು, ಫೋಟೊದ ಸೈಜ್ ಸರಿಯಿಲ್ಲ ಎಂದು ಬಂತು. ಹನ್ನೆರಡು ದಾಟಿತು. ಆ ವರ್ಷದ ದುಡ್ಡು ಅವಳಿಗೆ ಸಿಗಲಿಲ್ಲ. ಅವಳ ಅಮ್ಮ ನಮಗೆ ಒಂದು ಮಾತೂ ಹೇಳಲಿಲ್ಲ. ಮರುದಿನ ಎಂದಿನಂತೆ ಮಜ್ಜಿಗೆ ಕೇಳಿಕೊಂಡು ಬಂದರು. ನಾವು ಮುಖ ನೋಡಿ ಮಾತಾಡಲಿಕ್ಕೆ ತಿಂಗಳು ಹಿಡಿಯಿತು.

ಆದ್ದರಿಂದ ಕಳೆದ ವರ್ಷ ಮತ್ತೊಂದು ಕಂಪ್ಯೂಟರ್ ತೆಗೆಯುವ ಮಾತು ಬಂದಾಗ ಅಮ್ಮ, "ಮಲ್ಲಿಗೆ ದುಡ್ಡು ಪುನಃ ನೀರಿಗೆ ಹಾಕುದಾ?" ಎಂದದ್ದರಲ್ಲಿ ತಪ್ಪಿರಲಿಲ್ಲ. ಬಜೆಟ್ 20,000. ಅದರ ಮೇಲೆ ಒಂದು ಪೈಸೆ ಇಲ್ಲ ಎಂದರು. ಈ ಸಲ ಮೊದಲು ಕೇಳಿ, ಆಮೇಲೆ ಕೊಡುವುದು ಎಂದು ನಾವೂ ನಿಶ್ಚಯಿಸಿದೆವು.

ಮೊದಲು ಹೋದದ್ದು ಉಡುಪಿಗೆ, ದೊಡ್ಡ ಅಂಗಡಿಗಳಿಗೆ. ಎಸಿ ಉಂಟು, ಜ್ಯೂಸ್ ಉಂಟು, ಇಎಂಐ ಉಂಟು. ಇಪ್ಪತ್ತು ಸಾವಿರ ಎಂದ ಕೂಡಲೇ ಒಂದು ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಸಾಲಾಗಿ ಕೂತದ್ದು ಅಟ್ಟದ ಮೇಲಿನದ್ದರ ಅಣ್ಣತಮ್ಮಂದಿರೇ. ಹೊಸದು ಎನ್ನುವುದಕ್ಕೆ ದುಡ್ಡು, ಒಳಗೆ ತ್ರಾಣ ಇಲ್ಲ.

ಈ ಸಂಗತಿ ಬಿಡಿಸಿ ಹೇಳಿದವರು ಕಾರ್ಕಳದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಗೆಳೆಯ. ನಮ್ಮ ಡಿಪ್ಲೊಮಾ ಬ್ಯಾಚಿನವನೇ, ಸುದ್ದಿ ಬಿಟ್ಟು ಸ್ಕ್ರೂಡ್ರೈವರ್ ಹಿಡಿದು ಬುದ್ಧಿವಂತನಾದವನು. ಹಳೆಯ ಲ್ಯಾಪ್‌ಟಾಪನ್ನು ತೆಗೆದುಕೊಂಡು ಹೋಗಿ ಅವನ ಮುಂದೆ ಇಟ್ಟೆವು. ಹಿಂಬದಿ ಬಿಚ್ಚಿ ತೋರಿಸಿದ. "ನೋಡಿ ಮಾರಾಯ್ರೆ, ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು. ಸ್ಟೋರೇಜೂ ಹಾಗೇ. ಇದಕ್ಕೆ ಇಎಂಎಂಸಿ ಹೇಳುದು. ಮೊಬೈಲಿನ ಮೆಮೊರಿ ಚಿಪ್ಪಿನ ಜಾತಿ. ತೆಗೆದು ದೊಡ್ಡದು ಹಾಕುವ ಹಾಗಿಲ್ಲ. ವಿಂಡೋಸ್ ಕೂತ ಮೇಲೆ ಉಳಿಯುವ ಜಾಗದಲ್ಲಿ ಅಪ್‌ಡೇಟ್ ಬಿಚ್ಚಲಿಕ್ಕೆ ಅದಕ್ಕೇ ಜಾಗ ಸಾಲುದಿಲ್ಲ. ಗದ್ದೆಗೆ ಆಟಿಕೆ ಟ್ರ್ಯಾಕ್ಟರ್ ಇಳಿಸಿದ ಹಾಗೆ."

ಅವನ ಮಾತಿನಿಂದ ನಾವು ಬರೆದುಕೊಂಡದ್ದು ಇಷ್ಟು: ಮನೆಯ ಕೆಲಸಕ್ಕೆ 8 ಜಿಬಿ ರ‍್ಯಾಮ್ ಬೇಕು, 256 ಜಿಬಿಯ ಎಸ್‌ಎಸ್‌ಡಿ ಬೇಕು, ಎರಡೂ ಮುಂದೆ ಬದಲಿಸುವ ಹಾಗಿರಬೇಕು. ಹಳೆಯ ಕಾಲದ ತಿರುಗುವ ಹಾರ್ಡ್‌ಡಿಸ್ಕ್ ಮಾತ್ರ ಇರುವುದನ್ನು ಯಾರು ಎಷ್ಟೇ ಕಡಿಮೆಗೆ ಕೊಟ್ಟರೂ ಹಾಗೇ ತರಬಾರದು. ಅದನ್ನು ಕಳಚಿ ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಬೇರೆಯೇ ಆಗುತ್ತದೆ.

ಇನ್ನೊಂದು ಮಾತು ಅವನು ಒತ್ತಿ ಹೇಳಿದ, ನಾವೂ ಒತ್ತಿಯೇ ಹೇಳುತ್ತೇವೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಸುರಕ್ಷತಾ ಅಪ್‌ಡೇಟ್ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಹೋಗಬೇಕಾದರೆ ಪ್ರೊಸೆಸರ್ ಹೊಸದಿರಬೇಕು. ಇಂಟೆಲ್ ಕೋರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಮೇಲಿನದ್ದು. ಕಚೇರಿಗಳು ಹಳೆಯದನ್ನೆಲ್ಲ ಹೊರಗೆ ಹಾಕಿದಾಗ ಅದರಲ್ಲಿ ಒಳ್ಳೆಯದೂ ಇರುತ್ತದೆ, ವಿಂಡೋಸ್ 11 ಒಪ್ಪದ್ದೂ ಇರುತ್ತದೆ. ಎರಡೂ ಒಂದೇ ಮೇಜಿನ ಮೇಲೆ, ಒಂದೇ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತವೆ. "ಐ5 ಉಂಟು ಸರ್" ಎಂದರೆ ಸಾಲದು. ಐ5 ಆದ ಮೇಲೆ ಒಂದು ಅಡ್ಡಗೆರೆ, ಅದರ ನಂತರದ ಅಂಕೆ ನೋಡಿ. ಐ5-8500 ಎಂದಿದ್ದರೆ ಎಂಟನೇ ತಲೆಮಾರು. ಐ5-6500 ಎಂದಿದ್ದರೆ ಆರನೆಯದು. ಹತ್ತರಿಂದ ಮೇಲೆ ಹೋದರೆ ಮೊದಲ ಎರಡು ಅಂಕೆ ಓದಬೇಕು, 10400 ಎಂದರೆ ಹತ್ತನೆಯದು. ಅಂಗಡಿಯವರನ್ನು ಕೇಳಬೇಕೆಂದೇ ಇಲ್ಲ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರಡಿ ಅಬೌಟ್ ಒತ್ತಿದರೆ ಪ್ರೊಸೆಸರಿನ ಪೂರ್ತಿ ಹೆಸರೂ ರ‍್ಯಾಮೂ ಕಾಣುತ್ತದೆ.

ಕಾರ್ಕಳದಿಂದ ಬರುವಾಗ ಮಣಿಪಾಲಕ್ಕೂ ಹೋದೆವು. ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳು ಊರಿಗೆ ಹೋಗುವ ಮೊದಲು ಹಾಸಿಗೆ, ಸೈಕಲ್, ಲ್ಯಾಪ್‌ಟಾಪ್ ಎಲ್ಲ ಮಾರುತ್ತಾರೆ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಟೈಗರ್ ಸರ್ಕಲ್ ಹತ್ತಿರ ಒಬ್ಬ ಹುಡುಗ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿದ, 22,000 ಎಂದ. ಬಲವಾದ ಯಂತ್ರ. ಆದರೆ ಚಾರ್ಜರ್ ಕಿತ್ತ ಕೂಡಲೇ ಪರದೆ ಕಪ್ಪು. ಬ್ಯಾಟರಿ ಹೋಗಿತ್ತು. ನಾಲ್ಕು ವರ್ಷ ರಾತ್ರಿಯೆಲ್ಲ ಆಟ ಆಡಿಸಿದ ಯಂತ್ರವನ್ನು ಸುದ್ದಿ ಟೈಪ್ ಮಾಡಲು ತರುವುದು, ಕಂಬಳದ ಕೋಣವನ್ನು ನಿವೃತ್ತಿಯ ನಂತರ ಕೊಳ್ಳುವ ಹಾಗೆ. ಹುಡುಗ ಪ್ರಾಮಾಣಿಕ, ಬ್ಯಾಟರಿ ವಿಷಯ ಅವನೇ ಹೇಳಿದ. ವಿದ್ಯಾರ್ಥಿಗಳಿಂದ ತೆಗೆಯುವವರು ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ ನೋಡಿ, ಬಿಲ್ ಕೇಳಿ.

ಮಣಿಪಾಲ ಎಂದಾಗ ಒಂದು ಸಂಗತಿ ಹೇಳದೆ ಹೋಗಲು ಮನಸ್ಸಾಗುವುದಿಲ್ಲ. ನಾವು ನುಡಿಯಲ್ಲಿ ಬೆರಳಾಡಿಸುವ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್ ನೆಲೆಸಿದ್ದು ಮಣಿಪಾಲದಲ್ಲಿ. ಅವರು ಮಾಡಿದ ಕನ್ನಡ ತಂತ್ರಾಂಶಕ್ಕೆ ನಮ್ಮ ಕಡೆಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ಸೇಡಿಯಾಪು ಎಂದೇ ಹೆಸರಿಟ್ಟರು. ಡಿಪ್ಲೊಮಾದಲ್ಲಿ ನಮಗೆ ಮೊದಲು ಕಲಿಸಿದ್ದೇ ಆ ವಿನ್ಯಾಸ. ಇಂಗ್ಲಿಷಿನ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ಕನ್ನಡ ಎಂದು ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರ ಜೋಡಿಸುವ ಕೊಂಡಿ. ಕಂಪ್ಯೂಟರ್ ತೆಗೆಯುವಾಗ ಕನ್ನಡ ಬರುತ್ತದೋ ಇಲ್ಲವೋ ಎಂದು ಹೆದರುವ ಕಾಲ ಹೋಯಿತು. ನುಡಿ ಉಚಿತ. ವಿಂಡೋಸಿನ ಒಳಗೂ ಕನ್ನಡ ಕೀಲಿಮಣೆ ಇದೆ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಅಲ್ಲೂ ಕಗಪ ವಿನ್ಯಾಸ ಸಿಗುತ್ತದೆ. ಯೂನಿಕೋಡಿನಲ್ಲಿ ಬರೆಯಿರಿ, ಅಷ್ಟೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ನಮ್ಮ ಹಳೆಯ ಸುದ್ದಿಗಳು ಈಗ ಫೋನಿನಲ್ಲಿ ತೆರೆದರೆ ಮಂತ್ರವಾದಿಯ ಚೀಟಿಯ ಹಾಗೆ ಕಾಣುತ್ತವೆ.

ಕೊನೆಗೆ ತೆಗೆದದ್ದು ಲ್ಯಾಪ್‌ಟಾಪ್ ಅಲ್ಲ. ಯಾವುದೋ ಕಚೇರಿಯಿಂದ ಬಿಡುಗಡೆಯಾದ ಸಣ್ಣ ಡೆಸ್ಕ್‌ಟಾಪ್. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಎಂಬ ಹೆಸರುಗಳಲ್ಲಿ ಇವು ಬರುತ್ತವೆ. ಕಚೇರಿಗೆಂದೇ ಕಟ್ಟಿದ ಗಟ್ಟಿ ಸಾಮಾನು. ಗೆಳೆಯನ ಮೂಲಕ ಎಂಟನೇ ತಲೆಮಾರಿನ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, ಆರು ತಿಂಗಳ ವಾರಂಟಿ. ಸಿಪಿಯು 13,500. ಹಳೆಯ ಮಾನಿಟರ್ 2,800. ಯುಪಿಎಸ್ 2,900. ಕೀಬೋರ್ಡ್, ಮೌಸ್ 600. ಒಟ್ಟು 19,800. ಇನ್ನು ಇನ್ನೂರು ಉಳಿಯಿತು ಎಂದು ಅಮ್ಮನಿಗೆ ಹೇಳಿ ಮನೆಗೆ ಬಂದು ಜೋಡಿಸಿದರೆ, ವೈಫೈ ಇಲ್ಲ!

ಇದು ಯಾರೂ ಹೇಳದ ಸಂಗತಿ. ಕಚೇರಿಯ ಯಂತ್ರಗಳು ತಂತಿಯಿಂದ ನೆಟ್ ಪಡೆಯುವಂಥವು, ಹಲವುದರಲ್ಲಿ ವೈಫೈ ಇರುವುದೇ ಇಲ್ಲ. ಕ್ಯಾಮೆರಾ ಇಲ್ಲ, ಸ್ಪೀಕರ್ ಇದ್ದರೂ ನೊಣ ಹಾಡಿದ ಹಾಗೆ. ಮೊದಲ ದಿನ ಮೊಬೈಲನ್ನು ಯುಎಸ್‌ಬಿ ವಯರಿನಲ್ಲಿ ಜೋಡಿಸಿ, ಟೆದರಿಂಗ್ ಆನ್ ಮಾಡಿ ನೆಟ್ ಪಡೆದೆವು. ಮರುದಿನ 350 ಕೊಟ್ಟು ವೈಫೈ ಡಾಂಗಲ್. ಹೀಗೆ ಅಮ್ಮನ ಗೆರೆ 150 ರೂಪಾಯಿಯಷ್ಟು ದಾಟಿತು. ಆ 150 ಅವರು ಇನ್ನೂ ಮರೆತಿಲ್ಲ. ಮಾನಿಟರಿನ ಹಿಂದಿನ ಪಿನ್ನೂ ಸಿಪಿಯುವಿನ ಪಿನ್ನೂ ಹೊಂದುತ್ತದೆಯೇ ಎಂದೂ ಅಂಗಡಿಯಲ್ಲೇ ನೋಡಿಕೊಳ್ಳಿ.

ಯುಪಿಎಸ್ ದುಂದು ಎಂದು ತೋರಬಹುದು. ಮಳೆಗಾಲದ ಕರೆಂಟು ನಿಮಗೂ ಗೊತ್ತು. ಗುಡುಗು ಬಂದರೆ ಯುಪಿಎಸ್ಸನ್ನೂ ನಂಬಬೇಡಿ, ಪ್ಲಗ್ ಕೀಳಿ, ನೆಟ್ಟಿನ ವಯರನ್ನೂ ಕೀಳಿ. ಕಾರ್ಕಳದ ಗೆಳೆಯನ ಅಂಗಡಿಗೆ ಮಳೆ ಶುರುವಾಗುವ ಮುಂಚಿನ ಸಿಡಿಲಿಗೆ ಬರುವ ಗಿರಾಕಿಗಳೇ ಹೆಚ್ಚು. ಕಾಪುವಿನ ನಮಗೆ ಇನ್ನೊಂದು ಕಾಟ, ಕಡಲಿನ ಉಪ್ಪುಗಾಳಿ. ಸ್ಕ್ರೂ ತುಕ್ಕು ಹಿಡಿಯುತ್ತದೆ, ರ‍್ಯಾಮಿನ ಹಲ್ಲುಗಳ ಮೇಲೆ ಮಾಸಲು ಕೂರುತ್ತದೆ. ಕಂಪ್ಯೂಟರನ್ನು ಪಡುವಣ ಕಿಟಕಿಯ ಬಳಿ ಇಡಬೇಡಿ, ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಬಿಸಿಗೆ ತೇವ ಹೋಗಲಿ. ಬಟ್ಟೆ ಹೊದೆಸಿ ಓಡಿಸುವುದು ಬೇಡ. ನಮ್ಮ ಅಮ್ಮ ಮೊದಲ ವಾರ ಹೊದೆಸಿದ್ದರು, ಧೂಳು ಬೀಳಬಾರದೆಂದು.

ನಾವು ತೆಗೆದೆವೆಂದು ಎಲ್ಲರೂ ತೆಗೆಯಬೇಕಾಗಿಲ್ಲ. ಕರೆಂಟ್ ಬಿಲ್ ಕಟ್ಟಲು, ಯಕ್ಷಗಾನ ನೋಡಲು, ಪಹಣಿ ತೆಗೆಯಲು ಫೋನೇ ಸಾಕು. ನಮ್ಮ ಸ್ಟ್ರಿಂಗರ್ ಗೆಳೆಯರಲ್ಲಿ ಹಲವರು ಸುದ್ದಿಯನ್ನೂ ಫೋನಿನಲ್ಲೇ ಕಳಿಸುತ್ತಾರೆ. ಮಕ್ಕಳ ಪ್ರಾಜೆಕ್ಟ್, ಉದ್ದದ ಬರಹ, ಲೆಕ್ಕ, ದಾಖಲೆ ಸೇರಿಸಬೇಕಾದ ಅರ್ಜಿ, ಇಂಥದ್ದು ವಾರಕ್ಕೆ ಎರಡು ಸಲವಾದರೂ ಬಂದರೆ ಮಾತ್ರ ಯೋಚಿಸಿ. ಕಾಲೇಜಿಗೆ ಹೊತ್ತುಕೊಂಡು ಹೋಗಬೇಕಾದ ಮಕ್ಕಳಿದ್ದರೆ ಡೆಸ್ಕ್‌ಟಾಪ್ ಆಗುವುದಿಲ್ಲ, ಕಚೇರಿಯಿಂದ ಬಂದ ಹಳೆಯ ಲ್ಯಾಪ್‌ಟಾಪನ್ನು ಇದೇ ಲೆಕ್ಕದಲ್ಲಿ ನೋಡಿ, ಬ್ಯಾಟರಿಗೆ ಬೇರೆ ದುಡ್ಡು ಇಟ್ಟುಕೊಳ್ಳಿ. ಪ್ರಿಂಟರ್ ಅಂತೂ ಬೇಡವೇ ಬೇಡ. ತಿಂಗಳಿಗೆ ನಾಲ್ಕು ಹಾಳೆಗೆ ತಂದ ಇಂಕ್ ಒಣಗಿಯೇ ಹೋಗುತ್ತದೆ.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಇಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಅಗ್ಗದ ಕೈಯಳತೆಯ ಕಂಪ್ಯೂಟರ್ ಮಾಡಿದ್ದನ್ನು ಡಿಪ್ಲೊಮಾದಲ್ಲಿ ಓದಿದ್ದೆವು. 2004ರಲ್ಲಿ ಮಾರುಕಟ್ಟೆಗೆ ಬಂತು, ಹೆಚ್ಚು ಮಾರಾಟವಾಗಲಿಲ್ಲ, ಆಮೇಲೆ ಮೊಬೈಲ್ ಬಂದು ಅದನ್ನು ಮರೆಸಿತು. ಅದರ ಒಂದು ಯೋಚನೆ ಮಾತ್ರ ನಮಗೆ ಈಗಲೂ ಇಷ್ಟ: ಒಂದು ಯಂತ್ರ ಊರಿಗೆ, ಸ್ಮಾರ್ಟ್ ಕಾರ್ಡ್ ಮಾತ್ರ ಒಬ್ಬೊಬ್ಬರಿಗೆ ಒಂದು. ನಾವು ಮಾಡಿದ್ದೂ ಹೆಚ್ಚುಕಡಿಮೆ ಅದೇ. ವಿಂಡೋಸಿನಲ್ಲಿ ನಾಲ್ಕು ಬೇರೆ ಬೇರೆ ಖಾತೆ ಮಾಡಿದ್ದೇವೆ. ಒಂದು ಸುದ್ದಿಗೆ, ಒಂದು ಎಂಟನೇ ಕ್ಲಾಸಿನ ಮಗಳಿಗೆ, ಒಂದು ಅಮ್ಮನ ಹೂವಿನ ಲೆಕ್ಕಕ್ಕೆ. ಲಿಬ್ರೆ ಆಫೀಸಿನಲ್ಲಿ ದಿನದ ಅಟ್ಟೆ, ದಿನದ ದರ. ಅಮ್ಮ ಹೇಳುತ್ತಾರೆ, ಮಗಳು ಹೊಡೆಯುತ್ತಾಳೆ. ಕಟ್ಟೆಯಿಂದ ಬರಬೇಕಾದ ಬಾಕಿ ಎಷ್ಟು ಎಂದು ಮೊದಲ ಸಲ ಒಂದೇ ಕಡೆ ಕಂಡಾಗ ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿಸಿದರು.

ನಾಲ್ಕನೆಯ ಖಾತೆ ಪಕ್ಕದ ಮನೆಯ ಹುಡುಗಿಯದು. ಈಗ ಡಿಗ್ರಿ ಮಾಡುತ್ತಿದ್ದಾಳೆ. ಈ ಸಲ ನಾವು ಕರೆಯಲು ಧೈರ್ಯ ಮಾಡಲಿಲ್ಲ. ಅವಳೇ ಒಂದು ಭಾನುವಾರ ಫೈಲ್ ಹಿಡಿದುಕೊಂಡು ಬಂದು, "ಇದು ನಿಲ್ಲುದಿಲ್ಲ ಅಲ್ವಾ ಅಣ್ಣ?" ಎಂದು ಕೇಳಿದಳು. ಅಮ್ಮ ಒಳಗಿನಿಂದಲೇ, "ನಿಂತರೆ ನನಗೆ ಹೇಳು" ಎಂದರು. ಅರ್ಜಿ ಕೊನೆಯ ದಿನಕ್ಕಿಂತ ಒಂಬತ್ತು ದಿನ ಮೊದಲೇ ಹೋಯಿತು. ಸ್ವೀಕೃತಿಯ ಪ್ರಿಂಟ್ ತೆಗೆದದ್ದು ಪೇಟೆಯ ಸೈಬರ್‌ನಲ್ಲಿ, ಐದು ರೂಪಾಯಿ.