ನೀರು ಎಡಕ್ಕಿರಲಿ

ಸರೋವರದ ಸುತ್ತ ಸೈಕಲ್ ಸವಾರಿಗೆ ದಾರಿ ಹಾಕಿಕೊಳ್ಳುವಷ್ಟು ಸುಖದ ಕೆಲಸ ನನಗೆ ಬೇರೊಂದಿಲ್ಲ. ನಕ್ಷೆ ಹರಡಿಕೊಂಡು ಎಲ್ಲಿ ಏರು, ಎಲ್ಲಿ ನೆರಳು, ಎಲ್ಲಿ ಊಟ ಎಂದು ನೋಡುತ್ತ ಕೂತರೆ ಸಂಜೆ ಸರಿದದ್ದೇ ತಿಳಿಯುವುದಿಲ್ಲ. ಆದರೆ ಇದೆಲ್ಲಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಸುತ್ತುವ ದಿಕ್ಕು. ಹೊರಡುವ ಹೊತ್ತಿಗೆ ನೋಡಿಕೊಂಡರಾಯಿತು ಎಂದು ಹೆಚ್ಚಿನವರು ಅದನ್ನು ಬಿಟ್ಟಿರುತ್ತಾರೆ. ವಾಹನಗಳು ಎಡಬದಿಯಲ್ಲಿ ಓಡುವ ನಾಡಿನಲ್ಲಿ ಸರೋವರವನ್ನು ಅಪ್ರದಕ್ಷಿಣವಾಗಿಯೇ ಸುತ್ತಬೇಕು, ನೀರು ಸದಾ ಸವಾರನ ಎಡಗೈಗೆ ಸಿಗುವಂತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಪಾನಿನ ಶಿಗಾ ಪ್ರಾಂತ್ಯದ ಬಿವಾ ಸರೋವರವನ್ನೇ ನೋಡಿ. ಆ ದೇಶದ ಅತಿ ದೊಡ್ಡ ಸರೋವರ ಅದು. ಸುಮಾರು 670 ಚದರ ಕಿಲೋಮೀಟರ್ ವಿಸ್ತಾರ, ಪೂರ್ತಿ ಸುತ್ತಿದರೆ ಸುಮಾರು 200 ಕಿಲೋಮೀಟರ್. ಆ ಸುತ್ತಿಗೆ ಅಲ್ಲಿನವರು ಬಿವಾಇಚಿ ಎನ್ನುತ್ತಾರೆ. 2019ರಲ್ಲಿ ಜಪಾನ್ ಸರ್ಕಾರ ಅದನ್ನು ರಾಷ್ಟ್ರೀಯ ಸೈಕಲ್ ಮಾರ್ಗಗಳ ಸಾಲಿಗೆ ಸೇರಿಸಿತು. ಜಪಾನಿನಲ್ಲೂ ನಮ್ಮಂತೆ ಎಡಬದಿಯ ಸಂಚಾರ, ಅಲ್ಲಿ ಸವಾರರಿಗೆ ಹೇಳಿಕೊಡುವುದೂ ಅಪ್ರದಕ್ಷಿಣದ ಸುತ್ತನ್ನೇ. ಕಾರಣ ಬರೀ ನೋಟದ್ದಲ್ಲ. ನೀರಿನ ಕಡೆಯಿಂದ ಅಡ್ಡರಸ್ತೆಗಳು ಬಂದು ಸೇರುವುದು ಅಪರೂಪ, ಹಾಗಾಗಿ ಎಡದಿಂದ ವಾಹನ ನುಗ್ಗುವ ಭಯ ಕಡಿಮೆ. ಸುತ್ತಿನ ದೊಡ್ಡ ತಿರುವುಗಳೆಲ್ಲ ಎಡಕ್ಕೇ ಬರುವುದರಿಂದ ಎದುರು ಬರುವ ವಾಹನಸಾಲನ್ನು ಹಾಯುವ ಪ್ರಮೇಯವೂ ವಿರಳ. ಪಶ್ಚಿಮದಂಡೆಯ ಶಿರಾಹಿಗೆ ದೇಗುಲದ ಬಳಿ ಇದು ಕಣ್ಣಿಗೆ ಕಟ್ಟುತ್ತದೆ. ದೇಗುಲ ದಡದ ಮೇಲಿದೆ, ಅದರ ಕೆಂಪು ದ್ವಾರಸ್ತಂಭ ನೀರಿನೊಳಗೆ ನಿಂತಿದೆ, ನಡುವೆ 161ನೆಯ ಹೆದ್ದಾರಿಯಲ್ಲಿ ಲಾರಿಗಳು ಎಡೆಬಿಡದೆ ಹರಿಯುತ್ತವೆ. ಅಪ್ರದಕ್ಷಿಣವಾಗಿ ಬಂದವನಿಗೆ ಆ ದ್ವಾರ ತನ್ನ ಮಗ್ಗುಲಲ್ಲೇ. ಎದುರು ದಿಕ್ಕಿನಿಂದ ಬಂದವನು ಅದನ್ನು ಲಾರಿಗಳ ಸಂದಿಯಲ್ಲಿ ಹುಡುಕಬೇಕು.

ಬಲಬದಿಯ ಸಂಚಾರವಿರುವಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಸ್ವೀಡನ್ನಿನ ವೆಟರ್ನ್ ಸರೋವರದ ಸುತ್ತ 1966ರಿಂದ ನಡೆಯುತ್ತ ಬಂದಿರುವ, 300 ಕಿಲೋಮೀಟರ್ ಮೀರುವ ಸವಾರಿ ಇಂದು ಮೂಟಾಲಾದಿಂದ ಹೊರಟು, ಪೂರ್ವದಂಡೆಯಲ್ಲಿ ದಕ್ಷಿಣಕ್ಕಿಳಿದು, ಪಶ್ಚಿಮದಂಡೆಯಲ್ಲಿ ಉತ್ತರಕ್ಕೇರುತ್ತದೆ. ಅದು ಪ್ರದಕ್ಷಿಣ. ಅಲ್ಲಿಯೂ ನೀರು ಸವಾರನ ಮಗ್ಗುಲಿಗೇ ಬರುತ್ತದೆ.

ಅನುಭವಸ್ಥ ಸವಾರರು ಇಲ್ಲಿ ತಕರಾರು ತೆಗೆಯುತ್ತಾರೆ: ಗಾಳಿ ಎತ್ತ ಬೀಸುತ್ತದೋ ನೋಡಿಕೊಂಡು ದಿಕ್ಕು ಆರಿಸಬೇಕಲ್ಲವೆ? ಒಂದೂರಿಂದ ಇನ್ನೊಂದೂರಿಗೆ ಹೋಗುವ ದಾರಿಯಾದರೆ ಹೌದು. ಹೊರಟಲ್ಲಿಗೇ ಮರಳುವ ಸುತ್ತಿನಲ್ಲಿ ಗಾಳಿಯಿಂದ ತಪ್ಪಿಸಿಕೊಳ್ಳುವ ದಿಕ್ಕೆಂಬುದೇ ಇಲ್ಲ. ಯಾವ ಕಡೆಯಿಂದ ಸುತ್ತಿದರೂ ಒಂದು ದಂಡೆಯಲ್ಲಿ ಅದು ಎದೆಗೆ ಬೀಸುತ್ತದೆ, ಇನ್ನೊಂದರಲ್ಲಿ ಬೆನ್ನಿಗೆ. ಎದುರುಗಾಳಿಯಲ್ಲಿ ಕಳೆದ ಹೊತ್ತು ಹಿಂಗಾಳಿಯಲ್ಲಿ ಪೂರ್ತಿ ಮರಳಿ ಬರುವುದೂ ಇಲ್ಲ. ಉಳಿಯುವ ಪ್ರಶ್ನೆ ಒಂದೇ, ಎದುರುಗಾಳಿ ಮೊದಲೋ ಕೊನೆಯೋ. ಅದನ್ನು ತೀರ್ಮಾನಿಸುವುದು ದಿಕ್ಕಲ್ಲ, ಹೊರಡುವ ಊರು. ಸುತ್ತಿಗೆ ತನ್ನದೇ ಆದ ಮೊದಲು ಕೊನೆಗಳಿಲ್ಲ; ಎಲ್ಲಿಂದ ಬೇಕಾದರೂ ಪೆಡಲ್ ತುಳಿಯಬಹುದು. ಚಳಿಗಾಲದಲ್ಲಿ ಬಿವಾದ ಮೇಲೆ ವಾಯವ್ಯದ ಗಾಳಿ ಬೀಸುತ್ತದೆ. ದಕ್ಷಿಣ ತುದಿಯ ಒತ್ಸುವಿನಿಂದ ಹೊರಟರೆ ಕಾಲಲ್ಲಿ ಕಸುವಿರುವಾಗಲೇ ಹಿಕೊನೆ, ನಾಗಹಾಮಾಗಳ ಪೂರ್ವದಂಡೆಯಲ್ಲಿ ಅದನ್ನು ಎದುರಿಸಿ ಮುಗಿಸಬಹುದು, ದಣಿದು ಮರಳುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ.

ಬೆಳಕಿನ ಲೆಕ್ಕವೂ ಹೀಗೆಯೇ, ಮತ್ತು ಈ ಹವ್ಯಾಸದಲ್ಲಿ ನನಗೆ ಅತಿ ಪ್ರಿಯವಾದ ಲೆಕ್ಕ ಇದು. ಬೆಳಿಗ್ಗೆ ಪೂರ್ವದಂಡೆಯಲ್ಲಿರುವವನಿಗೆ ಸೂರ್ಯ ಬಲಹಿಂದೆ. ನೀರಾಚೆಯ ಹಿರಾ ಬೆಟ್ಟಸಾಲು ನೇರ ಬಿಸಿಲಿನಲ್ಲಿ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಮಧ್ಯಾಹ್ನದ ಮೇಲೆ ಪಶ್ಚಿಮದಂಡೆಗೆ ಬಂದರೆ ಸೂರ್ಯ ಬೆಟ್ಟಗಳ ಕಡೆ ಸರಿದಿರುತ್ತಾನೆ, ನೀರು ಕಣ್ಣಿಗೆ ಚುಚ್ಚುವುದಿಲ್ಲ. ಅದೇ ಪಶ್ಚಿಮದಂಡೆಯಲ್ಲಿ ಬೆಳಿಗ್ಗೆ ಸಾಗಿದರೆ ಕಾಣುವುದು ಬರೀ ಝಳಪು. ಎರಡು ದಂಡೆಗಳನ್ನೂ ಒಳ್ಳೆಯ ಬೆಳಕಿನಲ್ಲಿ ನೋಡುವುದು ಹೊರಡುವ ಜಾಗ ಮತ್ತು ಹೊತ್ತಿನಿಂದಲೇ ಸಾಧ್ಯವಾಗುತ್ತದೆ; ಅದಕ್ಕಾಗಿ ನೀರನ್ನು ಬಲಕ್ಕೆ ಬಿಟ್ಟುಕೊಡಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ನಮ್ಮೊಳಗಿನದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಗುಡಿ, ಅಶ್ವತ್ಥಕಟ್ಟೆ, ತುಳಸಿಕಟ್ಟೆ ಯಾವುದನ್ನೇ ಆಗಲಿ ಬಲಕ್ಕಿಟ್ಟುಕೊಂಡು ಸುತ್ತುವುದು ನಮ್ಮ ಮೈಗೇ ಹತ್ತಿದ ಅಭ್ಯಾಸ. ಪೂಜ್ಯವಾದ ನೀರನ್ನು ಅಪ್ರದಕ್ಷಿಣ ಸುತ್ತಲು ಮನಸ್ಸು ಹಿಂಜರಿಯುತ್ತದೆ. ಆದರೆ ಗುಡಿಯ ಪ್ರಾಕಾರದಲ್ಲಿ ಎಲ್ಲರೂ ಒಂದೇ ಕಡೆಗೆ ನಡೆಯುತ್ತಾರೆ. ರಸ್ತೆಯಲ್ಲಿ ಹಾಗಿಲ್ಲ. ಎಡಬದಿಯಲ್ಲಿ ಸಾಗುತ್ತ ಸರೋವರವನ್ನು ಬಲಕ್ಕಿಟ್ಟುಕೊಂಡರೆ ಎದುರಿನಿಂದ ಬರುವ ಪ್ರತಿ ಬಸ್ಸೂ, ಗರ್ಭಗುಡಿಗೆ ಅಡ್ಡ ನಿಂತ ಮನುಷ್ಯನಂತೆ, ನಮಗೂ ನೀರಿಗೂ ನಡುವೆ ಹಾಯುತ್ತದೆ. ನಡುವಿನದ್ದರ ಕಡೆ ಮನಸ್ಸು ನೆಟ್ಟಿರಲಿ ಎಂಬುದೇ ಸುತ್ತುವುದರ ಹುರುಳಾದರೆ ರಸ್ತೆಯ ಮೇಲೆ ಅದನ್ನು ಉಳಿಸಿಕೊಡುವುದು ಎಡಗಡೆಯೇ.

ನಮ್ಮ ಕೆರೆಗಳಿಗೆ ಸುತ್ತಲೂ ರಸ್ತೆಯೆಲ್ಲಿದೆ ಎಂದು ಕೇಳಬಹುದು. ಎಷ್ಟೋ ಕಡೆ ನೀರನ್ನು ತಾಗಿಕೊಂಡಿರುವುದು ಏರಿಯ ಮೇಲಿನ ದಾರಿ ಮಾತ್ರ. ಕೋಡಿ ದಾಟಿದ ಮೇಲೆ ಅದು ಗದ್ದೆ ತೋಟಗಳ ನಡುವೆ ನುಸುಳಿ ಊರೂರು ಹಾಯುತ್ತದೆ. ಹಾಗಿದ್ದಲ್ಲಿ ನಿಯಮ ಇನ್ನಷ್ಟು ಬಿಗಿಯಾಗಬೇಕು, ಏಕೆಂದರೆ ನೀರು ಸಿಗುವುದೇ ಆ ಒಂದು ಕಡೆ. ನೀರಿನಿಂದ ಆಗಾಗ ದೂರ ಸರಿಯುವುದು ನಷ್ಟವೇನಲ್ಲ. ಬಿವಾದ ಸವಾರರೂ ಮಾಕಿನೊದಲ್ಲಿ ದಡ ಬಿಟ್ಟು ಒಳಗೆ ಹೋಗಿ, ಸುಮಾರು 500 ಮೆಟಾಸೆಕ್ವೋಯಾ ಮರಗಳು ಇಬ್ಬದಿಗೂ ನಿಂತ 2.4 ಕಿಲೋಮೀಟರ್ ಸಾಲುದಾರಿಯನ್ನು ತುಳಿದು ಬರುತ್ತಾರೆ. ಮತ್ತೆ ದಡ ಸೇರುವ ಹೊತ್ತಿಗೆ ಕಣ್ಣು ನೀರಿಗೆ ಹಸಿದಿರುತ್ತದೆ. ಇಡೀ ದಿನ ಬಿಡುವಿಲ್ಲದವರು ದಕ್ಷಿಣದ ಕಿರಿದಾದ ಭಾಗವನ್ನು ಬಿಟ್ಟು, ಕತಾತದಿಂದ ಬಿವಾಕೊ ಸೇತುವೆ ಹಿಡಿದು ಪೂರ್ವಕ್ಕೆ ದಾಟಬಹುದು. ಅಲ್ಲಿ ನೀರು ಎರಡೂ ಕಡೆ ಇದೆ, ಆದರೆ ದೊಡ್ಡದಾದ ಉತ್ತರ ಭಾಗ ಆಗಲೂ ಎಡಕ್ಕೇ ಬರುತ್ತದೆ.