ಜಗಳೂರಿನ ಕುರುಚಲು ಕಾಡಲ್ಲಿ ಕೊಂಡುಕುರಿ ಹುಡುಕುತ್ತಾ

ದಾವಣಗೆರೆ ಜಿಲ್ಲೆಯಲ್ಲಿ ಚನ್ನಗಿರಿ ಕಡೆ ಹೋದರೆ ಅಡಿಕೆ ತೋಟ, ಸೂಳೆಕೆರೆಯ ನೀರು. ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆ. ಜಗಳೂರಿನ ದಾರಿ ಹಿಡಿದರೆ ಮಾತ್ರ ಒಣ ನೆಲ, ಕಲ್ಲುಗುಡ್ಡ, ಮುಳ್ಳುಪೊದೆ. ‘ಅಲ್ಲೇನಿದೆ ನೋಡೋಕೆ?’ ಅಂತ ಆಫೀಸಿನ ಗೆಳೆಯರು ಕೇಳ್ತಾರೆ. ಅಲ್ಲಿ ಕೊಂಡುಕುರಿ ಇದೆ!

ಜಗಳೂರು ತಾಲೂಕಿನ ರಂಗಯ್ಯನದುರ್ಗ ಕಾಡು 2011ರಲ್ಲಿ ಕೊಂಡುಕುರಿ ವನ್ಯಜೀವಿ ಧಾಮವಾಯಿತು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿರೋದು ಇದಕ್ಕೊಂದಕ್ಕೇ, ಅದೂ ಗಂಡಿಗೆ ಮಾತ್ರ. ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂದೆ ಇನ್ನೊಂದು ಗಿಡ್ಡ ಜೊತೆ. ಎತ್ತರ ಎರಡಡಿ, ತೂಕ 20 ಕೆಜಿ ಆಸುಪಾಸು. ಭಾರತ, ನೇಪಾಳ ಬಿಟ್ಟು ಬೇರೆಲ್ಲೂ ಇದರ ನೆಲೆಯಿಲ್ಲ.

ಕೃಷ್ಣಮೃಗದ ಹಾಗೆ ಹಿಂಡು ಕಟ್ಟಿಕೊಂಡು ಬಯಲಲ್ಲಿ ನಿಲ್ಲೋ ಪ್ರಾಣಿ ಇದಲ್ಲ. ಸಾಮಾನ್ಯವಾಗಿ ಒಂಟಿ. ಅಪಾಯ ಅನ್ನಿಸಿದರೆ ಪೊದೆಯಲ್ಲಿ ಅಲುಗಾಡದೆ ನಿಂತುಬಿಡುತ್ತೆ, ತೀರಾ ಹತ್ತಿರ ಹೋದರೆ ಒಂದೇ ನೆಗೆತ. ಕಂದು ಮೈ ಒಣ ಹುಲ್ಲಲ್ಲಿ ಕರಗಿಹೋಗುತ್ತೆ.

ಮತ್ತೆ ಹುಡುಕೋದು ಹೇಗೆ? ನಮ್ಮ ಜೊತೆ ಬಂದಿದ್ದ ಅರಣ್ಯ ವಾಚರ್ ಅಣ್ಣ ಮೊದಲು ತೋರಿಸಿದ್ದು ಹಿಕ್ಕೆಯ ಗುಡ್ಡೆ. ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತೆ. ಮೇಲಿನದು ಹಸಿಯಾಗಿತ್ತು. ‘ಬೆಳಗ್ಗೆ ಇಲ್ಲೇ ಇತ್ತು ನೋಡ್ರೀ’ ಅಂದರು. ಆಮೇಲೆ ಎರಡು ಸೆಕೆಂಡು, ಒಂದು ಕಂದು ಬೆನ್ನು. ಫೋನ್ ಜೇಬಿನಿಂದ ತೆಗೆಯೋಷ್ಟರಲ್ಲಿ ಬರೀ ಪೊದೆ.

ಸುಲಭದ ದಾರಿ ಇನ್ನೊಂದಿದೆ. ಕೊಂಡುಕುರಿಗೆ ದಿನಾ ನೀರು ಬೇಕು, ನೀರಿನಿಂದ ದೂರ ಹೋಗಲ್ಲ. ಬೇಸಿಗೆಯಲ್ಲಿ ನೀರಿನ ಹೊಂಡದ ಪಕ್ಕ ಕೂತರೆ ಕಾಣಿಸಬಹುದು. ಆದರೆ ಇರೋದೇ ಒಂದೆರಡು ಹೊಂಡ ಅನ್ನೋ ಹೊತ್ತಲ್ಲಿ ನಾವು ಅಲ್ಲಿ ಕೂತರೆ ಈ ಅಂಜುಬುರುಕ ಪ್ರಾಣಿ ಬಾಯಾರಿಕೊಂಡೇ ವಾಪಸ್ ಹೋಗುತ್ತೆ. ನಮ್ಮ ಒಂದು ಫೋಟೋಗೆ ಅದರ ಒಂದು ದಿನದ ನೀರು. ಲೆಕ್ಕ ಸರಿಹೋಗಲ್ಲ ಅಲ್ವಾ?

ಹೋಗೋರು ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಳಗ್ಗೆ ಬೇಗ, ಸದ್ದಿಲ್ಲದೆ ಹೋಗಿ. ಹೊಂಡದಿಂದ ದೂರವಿರಿ, ಸಾಕುನಾಯಿ ಬೇಡ. ‘ಬರಡು’ ಅಂತ ನಾವು ಕರೆಯೋ ಆ ಪೊದೆಯೇ ಅದರ ಮನೆ. ಹಸಿ ಹಿಕ್ಕೆ ಕಂಡರೂ ಸಾಕು, ಮನೆಯಲ್ಲಿ ಜನ ಇದ್ದಾರೆ ಅಂತ ಅರ್ಥ.